ಅಂಗಳದ ರಿಸೆಪ್ಶನ್ನಿಗೊಂದು ಮಳೆ ಪಟ್ಟಿ

ಘಟ್ಟದ ಕೆಳಗಿನ ನಮ್ಮ ಬದಿಗೆ ಮೇ ತಿಂಗಳು ಅಂದ್ರೆ ಎರಡು ತಯಾರಿ ಒಟ್ಟಿಗೆ. ಒಂದು ಮದುವೆಮನೆಯದ್ದು, ಇನ್ನೊಂದು ಮಳೆಗಾಲದ್ದು. ಹಲಸಿನಕಾಯಿ ಹಪ್ಪಳ ಒಣಗಬೇಕು, ಕಟ್ಟಿಗೆ ಕೊಟ್ಟಿಗೆ ಸೇರಬೇಕು, ಮಾಡಿನ ಹಂಚಿಗೆ ಕೈಯಾಡಿಸಬೇಕು, ಮುರುಗಲ ಸಿಪ್ಪೆ ಡಬ್ಬಿಗೆ ಬೀಳಬೇಕು. ಅದರ ನಡುವೆ ದಿನಕ್ಕೆ ಮೂರು ಮನೆಯ ಕರೆಯೋಲೆ. ಹಾಂಗಾಗಿ ಮೇ ಕೊನೆಗೆ ಮನೆ ಅಂಗಳದಲ್ಲಿ ರಿಸೆಪ್ಶನ್ನು ಹೇಳಿ ಬಾಯಿ ಬಿಟ್ಟರೆ, ಕೇಳಿದವರು ಊಟಕ್ಕೆ ಎಂತ ಮಾಡ್ತ್ರಿ ಅಂತ ಕೇಳುವುದಿಲ್ಲ. "ಮಳೆ ಬಂದ್ರೆ ಎಂತ ಮಾಡ್ತ್ರಿ?" ಅಂತ ಕೇಳ್ತಾರೆ.

ನಮ್ಮನೆ ಮಾಣಿ, ಅಂದ್ರೆ ಭಾವಯ್ಯನ ಮಗ, ಅವನ ಮದುವೆ 2025ರ ಮೇ ಕೊನೇ ವಾರಕ್ಕೆ ಬಿತ್ತು. ಬೇಕು ಅಂತ ಇಟ್ಟುಕೊಂಡದ್ದಲ್ಲ. 2024ರ ಮೇ–ಜೂನಿನಲ್ಲಿ ಶುಕ್ರಾಸ್ತ, ಗುರ್ವಸ್ತ ಎರಡೂ ಬಂದು ಎಷ್ಟೋ ಮನೆಯ ಮದುವೆ ಮುಂದೆ ಹೋಗಿತ್ತು. 2025ರಲ್ಲಿ ಜೂನ್ ಎರಡನೇ ವಾರದಿಂದ ಮತ್ತೆ ಗುರ್ವಸ್ತ. ಏಪ್ರಿಲ್‌ನಲ್ಲಿ ಮಾಣಿಗೆ ರಜೆ ಇಲ್ಲ. ಉಳಿದದ್ದು ಮೇ. ಮದುವೆ ಕುಮಟೆಯಲ್ಲಿ, ಹೆಣ್ಣಿನ ಮನೆಯವರು ಹಿಡಿದ ಹಾಲ್‌ನಲ್ಲಿ. ಮರುದಿನ ವಧೂಪ್ರವೇಶ, ಸಂಜೆ ರಿಸೆಪ್ಶನ್ನು, ಹೊನ್ನಾವರ ತಾಲೂಕಿನ ನಮ್ಮನೆ ಅಂಗಳದಲ್ಲಿ.

ಹೊನ್ನಾವರ ಪೇಟೆಯಲ್ಲಿ ಹಾಲ್ ಸಿಗುತ್ತಿತ್ತು. ಮಾಣಿಯ ಅಪ್ಪಯ್ಯ ಮುಂಗಡ ಕೊಡಲು ಹೊರಟೂ ಆಗಿತ್ತು. ಆದರೆ ನಮ್ಮತ್ತೆಗೆ 84 ವರ್ಷ. ಹಿಂದಿನ ವರ್ಷ ಬಿದ್ದು ಸೊಂಟದ ಮೂಳೆ ಮುರಿದ ಮೇಲೆ ಅವರ ಲೋಕ ಅಂದ್ರೆ ಒಳಗಿನ ಕೋಣೆ, ಜಗಲಿ, ಮತ್ತೆ ಒಳಗಿನ ಕೋಣೆ. ಮೊಮ್ಮಗನ ಮದುವೆಗೆ ಕುಮಟೆಗೆ ಹೋಗಲಾಗುವುದಿಲ್ಲ ಅಂತ ಅವರೇ ಒಪ್ಪಿಕೊಂಡಿದ್ದರು. ರಿಸೆಪ್ಶನ್ನಿಗೂ ಹಾಲ್ ಅಂದಾಗ ಮಾತ್ರ ಸುಮ್ಮನಿರಲಿಲ್ಲ.

"ಎನ್ನ ಎತ್ಕಂಡು ಅಲ್ಲಿ ಇಲ್ಲಿ ಹೋಪ್ದು ಬ್ಯಾಡ. ಮಾಡ್ತ್ರಿ ಅಂದ್ರೆ ಇಲ್ಲೇ ಮಾಡಿ. ಆನು ಜಗಲಿ ಮೇಲೆ ಕೂತ್ಕಂಡು ನೋಡ್ತಿ. ಹಾಡು ಕೇಳ್ತಿ."

ನೋಡ್ತಿ ಅಂದದ್ದು ಎಲ್ಲರಿಗೂ ಕೇಳಿಸಿತು. ಹಾಡು ಕೇಳ್ತಿ ಅಂದದ್ದು ನನ್ನ ಮನಸ್ಸಿಗೆ ಕೂತಿತು. ಯಾಕಂದ್ರೆ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಮನೆ ತುಂಬಿಸಿಕೊಳ್ಳುವ ಹಾಡು, ಬೀಗರನ್ನ ಛೇಡಿಸುವ ಹಾಡು, ಇಷ್ಟೂ ಪೂರ್ತಿ ಬರುವುದು ಈಗ ನಮ್ಮ ಕೇರಿಯಲ್ಲಿ ಅವರಿಗೊಬ್ಬರಿಗೆ. ಆಚೆಮನೆ ಅಕ್ಕಯ್ಯನಿಗೆ ಮುಕ್ಕಾಲು ಪಾಲು ಬರುತ್ತದೆ, ನನಗೆ ಅರ್ಧ. ಈಗಿನ ಮದುವೆಗಳಲ್ಲಿ ಹೆಂಗಸರು ಹಾಡಿಗೆ ಸುರು ಮಾಡುವಷ್ಟರಲ್ಲಿ ಫೋಟೋದವರು "ಸ್ವಲ್ಪ ಆಚೆ ಸರೀರಿ" ಅಂತಾರೆ, ಇಲ್ಲದಿದ್ದರೆ ಸ್ಪೀಕರಿನಲ್ಲಿ ಮತ್ತೊಂದು ಹಾಡು ಬಂದಿರುತ್ತದೆ. ಎರಡು ನುಡಿ ಹೇಳಿ ಕೂತುಬಿಡುತ್ತಾರೆ.

ಮಾಣಿ ಬೆಂಗಳೂರಿನಿಂದ ಒಂದು ಪಟ್ಟಿ ಕಳಿಸಿದ. ನಮ್ಮನೆಯವರು, ಭಾವಯ್ಯ, ನಾನು ಮೂವರೂ ಸೇರಿ ಓದಿದೆವು. ಗೆಳೆಯರ ಕರೋಕೆ, ದೊಡ್ಡ ಸ್ಪೀಕರು, ಸ್ಟೇಜಿಗೆ ಬಣ್ಣದ ಲೈಟು. ಹೆಣ್ಣಿನ ಚಿಕ್ಕಪ್ಪನ ಮಗಳದ್ದು ಅರ್ಧ ಗಂಟೆ ಹಿಂದೂಸ್ತಾನಿ, ತಬಲ ಹಾರ್ಮೋನಿಯಂ ಸಮೇತ. ಭಾವಯ್ಯನಿಗೆ ಒಂದು ಗಂಟೆ ಯಕ್ಷಗಾನದ ಗಾನವೈಭವ ಬೇಕೇ ಬೇಕು. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ತಾಲೂಕಿನಲ್ಲಿ, ಚಿಟ್ಟಾಣಿಯವರ ಕುಣಿತ ನೋಡಿ ಬೆಳೆದವರ ಮನೆಯಲ್ಲಿ, ಚಂಡೆ ಇಲ್ಲದೆ ಮಂಗಲಕಾರ್ಯ ಅಂದ್ರೆ ಅವರಿಗೆ ಊಟ ಸೇರುವುದಿಲ್ಲ. ಮನೆ ತುಂಬಿಸಿಕೊಳ್ಳುವಾಗ ದಣಪೆಯಿಂದ ಜಗಲಿವರೆಗೆ ಪಂಚವಾದ್ಯ, ಅದಂತೂ ರೂಢಿ.

ಅಷ್ಟೂ ಓದಿ ನಾನು ಫೋನ್ ಮಾಡಿದೆ. "ಎಲ್ಲ ಸರಿ ಇದ್ದು. ಮಳೆ ಬಂದ್ರೆ ಎಂತ ಮಾಡ್ತೆ?"

"ಬತ್ತಿಲ್ಲೆ ಚಿಕ್ಕಿ. ಮುಂಗಾರು ಜೂನ್ ಐದರ ಮೇಲೆ."

ಲೆಕ್ಕದಲ್ಲಿ ಅವನು ಹೇಳಿದ್ದು ಸರಿಯೇ. ಕೇರಳಕ್ಕೆ ಜೂನ್ 1, ನಮ್ಮ ಕರಾವಳಿಗೆ ಅದಾಗಿ ನಾಲ್ಕೈದು ದಿನ. ಆದರೆ ಮೇ ತಿಂಗಳಿನಲ್ಲಿ ಮುಂಗಾರು ಬರದಿದ್ದರೂ ಮಳೆ ಬರುತ್ತದಲ್ಲ! ಮಧ್ಯಾಹ್ನ ಸೆಕೆ ಏರಿ, ಸಂಜೆಗೆ ಮೂಡಣ ಬದಿ ಘಟ್ಟದ ಮೇಲಿಂದ ಗುಡುಗು ಸಿಡಿಲು ಗಾಳಿ ಸಮೇತ ಇಳಿಯುವ ಮಳೆ ಅದು. ಒಂದು ಗಂಟೆ ಹೊಯ್ದು ಹೋಗುತ್ತದೆ, ಆದರೆ ಚಪ್ಪರ ಎತ್ತಿಕೊಂಡು ಹೋಗುತ್ತದೆ. ಮುಂಗಾರಿನದ್ದು ಬೇರೆ ಜಾತಿ. ಪಡುವಣ ಬದಿ ಸಮುದ್ರದಿಂದ ಬರುತ್ತದೆ, ಬಿಟ್ಟು ಬಿಟ್ಟು ದಿನಗಟ್ಟಲೆ ಹೊಯ್ಯುತ್ತದೆ. ಇನ್ನು ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದರೆ ಎರಡಕ್ಕೂ ಲೆಕ್ಕ ಇಲ್ಲ. 2021ರ ಮೇ ಮಧ್ಯದಲ್ಲಿ ತೌಕ್ತೆ ಬಂದಾಗ ಭಟ್ಕಳದಿಂದ ಕಾರವಾರದವರೆಗೆ ಸಮುದ್ರ ದಂಡೆಯ ಮನೆಗಳಿಗೆ ಎಂತ ಆಯ್ತು ಅಂತ ನಾವೆಲ್ಲ ನೋಡಿದ್ದೇವೆ. ಒಂದೇ ಅಂಗಳಕ್ಕೆ ಮೂಡಣದ ಮಳೆಗೂ ಪಡುವಣದ ಮಳೆಗೂ ತಯಾರಿ ಆಗಬೇಕು. ಪರದೆ ಯಾವ ಬದಿಗೆ ಕಟ್ಟಬೇಕು ಅನ್ನುವುದೇ ಅಲ್ಲಿ ಬೇರೆಯಾಗುತ್ತದೆ.

ಇದಕ್ಕೊಂದು ದಾರಿ ಭಾವಯ್ಯನ ಬಾಯಲ್ಲೇ ಸಿಕ್ಕಿತು. ಅವರು ಯಕ್ಷಗಾನದ ಸುದ್ದಿ ಹೇಳುತ್ತಾ ಹೇಳುತ್ತಾ, "ಮೇಳದವು ಮಳೆಗಾಲದಲ್ಲಿ ಸುಮ್ನೆ ಕೂರ್ತ್ವಿಲ್ಲೆ, ತಾಳಮದ್ದಳೆ ಮಾಡ್ತ" ಅಂದರು. ಹೌದಲ್ಲ! ಬಯಲಾಟ ಬಯಲಿನಲ್ಲಿ ಆಡುವಂಥದ್ದು. ನವೆಂಬರಿನಿಂದ ಮೇ ತನಕ ತಿರುಗಾಟ. ಮಳೆ ಬಂತು ಅಂದ್ರೆ ವೇಷ ಪೆಟ್ಟಿಗೆಗೆ, ಗೆಜ್ಜೆ ಗೂಟಕ್ಕೆ. ಆದರೆ ಆಟ ನಿಂತರೂ ಹಾಡು ನಿಲ್ಲಲಿಲ್ಲ. ಅದೇ ಪ್ರಸಂಗ, ಅದೇ ಭಾಗವತರು, ಅದೇ ಮದ್ದಳೆ. ರಂಗಸ್ಥಳ ಬೇಡ, ಬಣ್ಣ ಬೇಡ, ಜಗಲಿ ಮೇಲೆ ಕೂತು ಅರ್ಥ ಹೇಳಿದರೆ ತಾಳಮದ್ದಳೆ. ನಮ್ಮ ಹಿರಿಯರು ಒಂದೇ ಹಾಡಿಗೆ ಬೇಸಿಗೆಯದ್ದೊಂದು, ಮಳೆಗಾಲದ್ದೊಂದು ರೂಪ ಮಾಡಿಟ್ಟುಕೊಂಡಿದ್ದರು. ಹಾಗಾದರೆ ಮಾಣಿಯ ಪಟ್ಟಿಯ ಒಂದೊಂದು ಹಾಡಿಗೂ ಅದರದ್ದೇ ಒಂದು ತಾಳಮದ್ದಳೆ ಹುಡುಕಿದರೆ ಆಯ್ತಲ್ಲ?

ಹಳೇ ಕ್ಯಾಲೆಂಡರಿನ ಹಾಳೆ ಮಗುಚಿ ನಡುವೆ ಗೆರೆ ಎಳೆದೆ. ಈಚೆ 'ಹೊಳವಿದ್ದರೆ', ಆಚೆ 'ಮಳೆಯಾದರೆ'. ಪ್ರತಿಯೊಂದಕ್ಕೂ ಕೇಳಿದ್ದು ಮೂರೇ ಪ್ರಶ್ನೆ: ಕರೆಂಟು ಬೇಕೋ, ಮೈಕು ಬೇಕೋ, ಎಷ್ಟು ಜಾಗ ಬೇಕು.

ಪಂಚವಾದ್ಯಕ್ಕೆ ಕರೆಂಟು ಬೇಡ, ಮೈಕು ಬೇಡ. ಮಳೆಯಾದರೆ ದಣಪೆಯಿಂದ ನಡೆದು ಬರುವುದು ಬಿಟ್ಟು ಮೆಟ್ಟಿಲ ಹತ್ತಿರ ಮಾಡಿನಡಿ ನಿಂತು ಬಾರಿಸುವುದು. ಸನಾದಿಯವರು ಹೇಳಿದ್ದು: "ಅಮ್ಮ, ನನ್ನ ಓಲಗಕ್ಕೆ ಎರಡು ಹನಿ ಬಿದ್ರೂ ನಡೀತದೆ. ಡೋಲಿನ ಚರ್ಮಕ್ಕೆ ಬೀಳಬಾರದು. ಅವನಿಗೊಂದು ಕೊಡೆ, ಹಿಡಿಲಿಕ್ಕೆ ಒಬ್ಬ ಜನ ಕೊಡಿ." ಆಚೆಮನೆ ಗೌಡರ ಮಗನಿಗೆ ಆ ಕೆಲಸ.

ಗಾನವೈಭವಕ್ಕೆ ಹೊಳವಿದ್ದರೆ ಸ್ಟೇಜು, ಮೈಕು. ಮಳೆಯಾದರೆ ಜಗಲಿ, ಮೈಕಿಲ್ಲದೆ. ಚಂಡೆ ಮದ್ದಳೆಯ ಚರ್ಮ ಥಂಡಿ ಹಿಡಿದರೆ ಸಡಿಲಾಗಿ ಶ್ರುತಿ ಇಳಿಯುತ್ತದೆ, ಬಿಸಿ ತಾಗಿದರೆ ಬಿಗಿಯುತ್ತದೆ. ಅದಕ್ಕೇ ವಾದ್ಯಗಳನ್ನ ಅಡುಗೆಮನೆ ಪಕ್ಕದ ಬೆಚ್ಚಗಿನ ಕೋಣೆಯಲ್ಲಿ ಕಂಬಳಿ ಸುತ್ತಿ ಇಡುವುದು ಅಂತ ಬರೆದೆ.

ಹಿಂದೂಸ್ತಾನಿಗೆ ಮಳೆ ಸದ್ದೇ ವೈರಿ. ತಗಡಿನ ಮೇಲೆ ಜೋರು ಮಳೆ ಬಿದ್ದರೆ ಆಲಾಪ ಯಾರಿಗೆ ಕೇಳುತ್ತದೆ? ಅದಕ್ಕೆ ಒಳಗಿನ ನಡುಮನೆ, ಫೋನಿನ ತಂಬೂರಿ, ಹತ್ತು ಹದಿನೈದು ಜನ. ಕರೋಕೆಗೆ ಮಳೆಗಾಲದ ರೂಪ ಅಂದ್ರೆ ಮಾಳಿಗೆ ಮೇಲೆ ಬ್ಯಾಟರಿಯ ಸಣ್ಣ ಸ್ಪೀಕರು, ಮಕ್ಕಳು ಮತ್ತು ಗೆಳೆಯರು. ಮಾಣಿಗೆ ಇದು ಸೇರಲಿಲ್ಲ. "ಸೌಂಡ್ ಸಿಸ್ಟಮ್ ಇಲ್ದೆ ರಿಸೆಪ್ಶನ್ ಹ್ಯಾಂಗೆ ಆಗ್ತು ಚಿಕ್ಕಿ?" ಅಂದ. ಇಲ್ದೆ ಅಲ್ಲ, ಮಳೆ ಇಲ್ಲದಾಗ ಅದು, ಮಳೆ ಬಂದಾಗ ಇದು ಅಂತ ಎರಡು ಸಲ ಹೇಳಬೇಕಾಯ್ತು.

ಅವನ ಗೆಳೆಯನೊಬ್ಬ ಸಿನಿಮಾ ಹಾಡು ಹಾಕಲು ಲೈಸೆನ್ಸ್ ಬೇಕಾ ಅಂತ ಕೇಳಿದ. ಮದುವೆ ಮತ್ತು ಅದಕ್ಕೆ ಸಂಬಂಧಪಟ್ಟ ಸಮಾರಂಭಗಳಿಗೆ ಕಾಪಿರೈಟ್ ಕಾಯ್ದೆಯಲ್ಲೇ ವಿನಾಯಿತಿ ಇದೆ, 2023ರ ಜುಲೈನಲ್ಲಿ ಕೇಂದ್ರ ಸರಕಾರ ಅದನ್ನ ಮತ್ತೊಮ್ಮೆ ಸ್ಪಷ್ಟ ಮಾಡಿದೆ. ಆದರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕುವ ಹಾಗಿಲ್ಲ, ಅದಕ್ಕೆ ಮದುವೆಮನೆ ಅಂತ ರಿಯಾಯ್ತಿ ಇಲ್ಲ.

ಪಟ್ಟಿಯ ಕೊನೇ ಸಾಲು ಹೆಂಗಸರ ಹಾಡು. ಅದಕ್ಕೆ ಗೆರೆಯ ಆಚೆಗೂ ಈಚೆಗೂ ಒಂದೇ ಮಾತು ಬರೆದೆ: ಜಗಲಿ.

ಇನ್ನು ಚಪ್ಪರ. ನಮ್ಮ ಅಂಗಳದಲ್ಲಿ ಬೇಸಿಗೆಗೆ ಹಾಕಿದ ಅಡಿಕೆ ಸೋಗೆ ಚಪ್ಪರ ಇತ್ತು. ಅದು ಬಿಸಿಲಿಗೆ ಸಾಕು, ಮಳೆಗೆ ಜರಡಿ. ಬಟ್ಟೆ ಶಾಮಿಯಾನ ನೋಡಲು ಚಂದ, ನೀರು ನಿಂತರೆ ಹೊಟ್ಟೆ ಬಿಡುತ್ತದೆ. ಭಟ್ಕಳ ಬದಿಯ ಪೆಂಡಾಲಿನವರು ಬಂದು ನೋಡಿ, "ಅಮ್ಮ, ತಗಡು ಹಾಕುವ. ಚಂದ ಕಾಣೂದಿಲ್ಲ, ಆದ್ರೆ ಮಳೆಗೆ ಚಂದ ಬೇಡ" ಅಂದರು. ಅವರ ಬಾಯಲ್ಲಿ ಮಳೆ ಅಂದ್ರೆ ತಮಾಷೆ ಅಲ್ಲ. 2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಒಂದೇ ರಾತ್ರಿ ಹೊಯ್ದ ಮಳೆಗೆ ಪೇಟೆ ಮುಳುಗಿ, ಮುಟ್ಟಳ್ಳಿಯಲ್ಲಿ ಗುಡ್ಡ ಜರಿದು ಒಂದೇ ಮನೆಯ ನಾಲ್ಕು ಜನ ಹೋದದ್ದು ಅವರೂರಿನ ಸುದ್ದಿ. ಬಂದವರೇ ಮೊದಲು ಕೇಳಿದ್ದು ಕಾರು ಎಲ್ಲಿ ನಿಲ್ಲಿಸ್ತೀರಿ ಅಂತ. ಧರೆ ಕಡಿದ ಜಾಗದಡಿ ಬೇಡ, ಶಾಲೆ ಮೈದಾನಕ್ಕೆ ಹಾಕಿ ಅಂದರು. ಹಾಗೇ ಮಾಡಿದೆವು.

ನೀರಿನ ಲೆಕ್ಕ ನಮ್ಮನೆಯವರು ಹಾಕಿದರು. ಒಂದು ಮಿಲಿಮೀಟರ್ ಮಳೆ ಅಂದ್ರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. 30 ಅಡಿಗೆ 40 ಅಡಿಯ ಚಪ್ಪರ ಹತ್ತಿರ ಹತ್ತಿರ 111 ಚದರ ಮೀಟರು. 50 ಮಿಲಿಮೀಟರ್ ಹೊಯ್ದರೆ ಚಪ್ಪರದ ಮೇಲೆ ಬೀಳುವುದು 5,500 ಲೀಟರು, ಸಾವಿರ ಲೀಟರಿನ ಟಾಕಿ ಐದೂವರೆ. ಅಷ್ಟು ನೀರು ಎಲ್ಲಿಗೆ ಹೋಗಬೇಕು ಅಂತ ಮೊದಲೇ ನಾವು ಹೇಳದಿದ್ದರೆ ಅದು ಊಟದ ಪಂಕ್ತಿಗೇ ಬರುತ್ತದೆ. ತಗಡಿನ ಇಳುಕಲು ತೋಟದ ಬದಿಗೆ, ಬುಡದಲ್ಲಿ ಒಂದು ಗೇಣು ಅಗಲದ ಕಾಲುವೆ, ಅದು ನೇರ ತೋಟದ ಹೊಂಡಕ್ಕೆ. ಅಂಗಳದ ಹಾವಸೆ ತಿಕ್ಕಿ ತೆಗೆಸಿ, ನಡೆಯುವ ಕಡೆ ಗೋಣಿತಾಟು ಹಾಸಿದ್ದಾಯ್ತು.

ಕರೆಂಟಿನ ವಿಷಯಕ್ಕೆ ಮಾತ್ರ ಯಾರ ಮಾತಿಗೂ ಬಗ್ಗಲಿಲ್ಲ. ಜನರೇಟರು ನಾಲ್ಕು ಬದಿಯೂ ಗಾಳಿಯಾಡುವ ಮಾಡಿನಡಿ, ಚಿರೆಕಲ್ಲಿನ ಮೇಲೆ. ಅದರ ಹೊಗೆ ಮುಚ್ಚಿದ ಜಾಗದಲ್ಲಿ ನಿಲ್ಲಬಾರದು, ಕೊಟ್ಟಿಗೆಗೂ ಹೋಗಬಾರದು. ವಯರು ನೆಲದ ಮೇಲೆ ಎಳೆಯುವ ಹಾಗಿಲ್ಲ, ಕಂಬಕ್ಕೆ ಕಟ್ಟಿ ಮೇಲಿಂದಲೇ ಬರಬೇಕು, ಜೋಡಣೆ ಬಯಲಲ್ಲಿ ಇರಬಾರದು. ಕರೆಂಟು ಸೋರಿದ ಕೂಡಲೇ ತಾನಾಗಿ ಆಫ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ಪೀಕರಿನ ಲೈನಿಗೆ ಬೇರೆಯೇ. ಮಿಂಚು ಕಂಡು ಮೂವತ್ತು ಎಣಿಸುವುದರ ಒಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗಿದೆ ಅಂತ ಅರ್ಥ. ಆಗ ತಗಡಿನ ಚಪ್ಪರ, ಕಬ್ಬಿಣದ ಕಂಬ ಬಿಟ್ಟು ಎಲ್ಲರೂ ಮನೆಯೊಳಗೆ. ಮೈಕು ಬಂದ್ ಮಾಡು ಅಂತ ಹೇಳುವ ಅಧಿಕಾರ ಒಬ್ಬರಿಗೇ ಇರಬೇಕು, ಮದುಮಗನಿಗೂ ಅಲ್ಲ, ಅವನಪ್ಪನಿಗೂ ಅಲ್ಲ. ನಮ್ಮನೆಯವರಿಗೆ ಆ ಅಧಿಕಾರ ಕೊಟ್ಟೆವು.

ಸ್ಪೀಕರಿನ ಮುಖ ತೋಟದ ಬದಿಗೆ, ಜಗಲಿಗೆ ಬೆನ್ನು. ಅತ್ತೆಯ ಎದೆಗೆ ಆ ಬಡಿತ ತಡೆಯುವುದಿಲ್ಲ.

ಆ ವರ್ಷ ಮುಂಗಾರು ಮೇ 24ಕ್ಕೇ ಕೇರಳಕ್ಕೆ ಬಂತು. 2009ರ ನಂತರ ಅಷ್ಟು ಬೇಗ ಬಂದದ್ದು ಅದೇ ಸಲ. ಕೇರಳದ ಬೆನ್ನಿಗೇ ನಮ್ಮ ಕರಾವಳಿಗೂ ಹತ್ತಿತು. ಹವಾಮಾನ ಇಲಾಖೆಯವರು ಕೆಂಪು ಎಚ್ಚರಿಕೆ ಹಾಕಿದರು. ಹಳದಿ, ಕಿತ್ತಳೆ, ಕೆಂಪು ಅಂತ ಟಿವಿಯಲ್ಲಿ ನೋಡುತ್ತೇವೆ, ಅದರ ಹಿಂದೆ ಅಳತೆ ಇದೆ. ದಿನಕ್ಕೆ 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅದಕ್ಕೂ ಮೇಲಿನದ್ದು, ಕೆಂಪಿನ ಸಾಲಿನದ್ದು. ಮಾಣಿ ಆಗ ಮೊಬೈಲು ನೋಡುವುದು ಬಿಟ್ಟು ನನ್ನ ಪಟ್ಟಿಯ ಫೋಟೋ ತೆಗೆದು ಗೆಳೆಯರಿಗೆ ಕಳಿಸಿದ. ಸಂಜೆ ಏಳಕ್ಕೆ ಇದ್ದ ರಿಸೆಪ್ಶನ್ನು ನಾಲ್ಕಕ್ಕೆ ತಂದೆವು. ಕುಮಟೆಯಿಂದ, ಭಟ್ಕಳದಿಂದ ಹೆದ್ದಾರಿಯಲ್ಲಿ ಬರುವವರು ಕತ್ತಲಾಗುವ ಮೊದಲು ಮನೆ ಸೇರಬೇಕು. ಹಿಂದಿನ ಜುಲೈನಲ್ಲಿ ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಬಿದ್ದಾಗಿನಿಂದ ಆ ರಸ್ತೆಯಲ್ಲಿ ಮಳೆ ರಾತ್ರಿ ಯಾರನ್ನಾದರೂ ಕರೆಸಿಕೊಳ್ಳಲು ಮನಸ್ಸು ಬರುವುದಿಲ್ಲ.

ಆ ದಿನ ಬೆಳಿಗ್ಗೆ ಹೊಳವಾಗಿತ್ತು. ದಣಪೆ ಹತ್ತಿರ ದಿಬ್ಬಣ ಇಳಿಯುವಾಗ ಜಿಟಿಜಿಟಿ ಸುರುವಾಯ್ತು. ಡೋಲಿಗೆ ಕೊಡೆ ಹಿಡಿದೇ ಜಗಲಿವರೆಗೂ ಬಂದರು. ಮನೆ ತುಂಬಿಸಿಕೊಳ್ಳುವ ಹಾಡಿಗೆ ವಾದ್ಯ ನಿಲ್ಲಿಸಲು ಮೊದಲೇ ಹೇಳಿಟ್ಟಿದ್ದೆವು, ಫೋಟೋದವರಿಗೂ ಹೇಳಿದ್ದೆವು. ಅತ್ತೆ, ಆಚೆಮನೆ ಅಕ್ಕಯ್ಯ, ನಾನು, ಮಾಣಿಯ ಆಯಿ ಸೇರಿ ಪೂರ್ತಿ ಹಾಡಿದೆವು. ಮದುಮಗಳು ಹೊಸಿಲ ಹೊರಗೆ ಅಷ್ಟು ಹೊತ್ತೂ ನಿಂತು ಕೇಳಿತು.

ಸಂಜೆ ನಾಲ್ಕೂವರೆಗೆ ಗೆಳೆಯರ ಕರೋಕೆ ಸುರು. ಚಂದವೇ ಆಗಿತ್ತು, ನಾಲ್ಕು ಹಾಡು ಮುಗಿದಿತ್ತು. ಐದೂ ಕಾಲಿಗೆ ಪಡುವಣದಿಂದ ಮಳೆ ಬಂತು ನೋಡಿ, ತಗಡಿನ ಮೇಲೆ ಕಲ್ಲು ಸುರಿದ ಹಾಗೆ. ನಮ್ಮನೆಯವರು ಕೈಯೆತ್ತಿದರು, ಮೈಕು ಬಂದ್. ಮಿಕ್ಸರಿಗೆ ತಾಡಪಾಲು ಬಿತ್ತು. ಐದು ನಿಮಿಷಕ್ಕೆ ಊರಿನ ಕರೆಂಟೂ ಹೋತು. ಗೆಳೆಯರ ಮುಖ ಸಪ್ಪೆ. ಅವರು ತಿಂಗಳಿಂದ ಅಭ್ಯಾಸ ಮಾಡಿದ್ದು, ಪಾಪ, ನನಗೂ ಬೇಜಾರೇ ಆಯ್ತು. ಮಾಳಿಗೆಯ ಸಣ್ಣ ಸ್ಪೀಕರು ಅವರಿಗೆ ಸಾಕಾಗಲಿಲ್ಲ. ಹಿಂದೂಸ್ತಾನಿ ಹಾಡಬೇಕಿದ್ದ ಕೂಸು ನಡುಮನೆಯಲ್ಲಿ ಕೂತು ಹತ್ತು ನಿಮಿಷ ಹಾಡಿತು. ಕೇಳಿದ್ದು ಏಳು ಜನ. ತಬಲ ಥಂಡಿಗೆ ಇಳಿದು ಶ್ರುತಿಗೆ ಕೂರಲೇ ಇಲ್ಲ.

ಗಾನವೈಭವ ಜಗಲಿಗೆ ಬಂತು. ಭಾಗವತರು ಮೈಕಿಲ್ಲದೆ ಎತ್ತಿದ ದನಿ ಅಂಗಳದ ಅರ್ಧದವರೆಗೆ ಮುಟ್ಟಿತು, ಹಿಂದೆ ಕೂತವರಿಗೆ ಚಂಡೆ ಮಾತ್ರ. ಹಿಂದಿನವರು ಕುರ್ಚಿ ಎತ್ತಿಕೊಂಡು ಮುಂದೆ ಬಂದರು, ಜಗಲಿ ಮೆಟ್ಟಿಲ ತುಂಬಾ ಜನ. ಮಳೆ ತುಸು ಸಣ್ಣಾದಾಗ ಅತ್ತೆ ಗೋಡೆಗೆ ಒರಗಿದಲ್ಲಿಂದಲೇ, "ಆರತಿ ಹಾಡು ಬಾಕಿ ಇದ್ದು. ಹೇಳ್ತ್ರ, ಇಲ್ಯ?" ಅಂದರು. ನಾವು ಸುರು ಮಾಡುವ ಮೊದಲೇ ಅವರದ್ದೇ ದನಿ ಬಂತು, ಸಣ್ಣದು, ಆದರೆ ನುಡಿ ಒಂದೂ ತಪ್ಪದೆ. ಮದ್ದಳೆಯವರು ಬೆರಳ ತುದಿಯಲ್ಲಿ ಮೆಲ್ಲ ತಾಳ ಕೊಟ್ಟರು. ಮೂರನೇ ನುಡಿಯಲ್ಲಿ ಮದುಮಗಳು ಕೇಳಿತು, "ಅಮ್ಮಮ್ಮ, ಆ ಶಬ್ದ ಎಂತದು?" ಅತ್ತೆ ಹಾಡು ನಿಲ್ಲಿಸಿ ಬಿಡಿಸಿ ಹೇಳಿ ಮತ್ತೆ ಅಲ್ಲಿಂದಲೇ ಹಿಡಿದರು. ಮೆಟ್ಟಿಲಲ್ಲಿ ಕೂತವರಿಗೆ ಕೇಳಿಸಿತು, ಚಪ್ಪರದಲ್ಲಿ ಇದ್ದವರಿಗೆ ಇಲ್ಲ. ಏಳು ಗಂಟೆಗೆ ಕೊನೇ ಕಾರು ಶಾಲೆ ಮೈದಾನ ಬಿಟ್ಟಿತು.

ಆ ಕೂಸು ಈಗ ಬೆಂಗಳೂರಿನಿಂದ ಭಾನುವಾರ ಫೋನ್ ಮಾಡಿ ಒಂದೊಂದೇ ಹಾಡು ಹೇಳಿಸಿಕೊಂಡು ಬರೆದುಕೊಳ್ಳುತ್ತದೆ. ಹನ್ನೊಂದು ಆಯ್ತು. "ಅಲ್ದೇ ಕೂಸೆ, ರಾಗ ಎಳಿಯಡ, ನುಡಿ ಕೇಳ್ತಿಲ್ಲೆ" ಅಂತ ಇತ್ತಿಂದ ಬೈಗುಳವೂ ನಡೆಯುತ್ತದೆ.

ಮುಂದಿನ ಮೇ ತಿಂಗಳಿಗೆ ದಿನ ಗೊತ್ತಾದವರಿಗೆ ನಾನು ಹೇಳುವುದು ಇಷ್ಟೇ. ತಗಡಿಗೆ ಇಳುಕಲು, ನೀರಿಗೆ ದಾರಿ, ವಯರಿಗೆ ಎತ್ತರ, ಮೈಕು ಬಂದ್ ಮಾಡಲು ಒಬ್ಬರೇ ಯಜಮಾನರು. ಹಾಡಿನ ಪಟ್ಟಿಯಲ್ಲಿ ಪ್ರತಿಯೊಂದರ ಎದುರಿಗೆ ಅದರ ಮಳೆಗಾಲದ ರೂಪ ಬರೆಯಿರಿ, ಬರೆಯಲು ಬಾರದೇ ಹೋದದ್ದನ್ನ ಸಂಜೆಯ ಮೊದಲಿಗೇ ಇಟ್ಟುಬಿಡಿ. ಮನೆಯಲ್ಲಿ ಹಾಡು ಬರುವ ಹಿರಿಯರಿದ್ದರೆ ಅವರನ್ನ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಬೇಡಿ. ಬೆನ್ನಿಗೆ ಗೋಡೆ ಸಿಗುವ ಹಾಗೆ ಜಗಲಿಯಲ್ಲಿ ಕೂರಿಸಿ, ಎದುರಿಗೆ ಒಂದು ಚಾಪೆ ಹಾಸಿ. ಗೋಡೆಗೆ ತಾಗಿದ ದನಿ ತಿರುಗಿ ಬರುತ್ತದೆ, ಚಾಪೆಯವರೆಗಾದರೂ ಮುಟ್ಟುತ್ತದೆ.